ಕೋನಿನ ತುದಿಯಲ್ಲಿ ಉಳಿದದ್ದು

ಮೇ ತಿಂಗಳ ಎರಡನೇ ಭಾನುವಾರ.
ದುರ್ಗಿಗುಡಿಯ ಬೇಕರಿಯ ಹಿಂಬದಿಯಲ್ಲಿ ನಿಂತು
ಬೆಳಗಿನಿಂದ ನಲವತ್ಮೂರು ಸಲ ಬರೆದೆ: ಅಮ್ಮ.
ಅ ಸುಲಭ. ಮ್ಮ ಕಷ್ಟ,
ಒತ್ತಕ್ಷರದ ಬಾಲ ಸೆಖೆಗೆ ಕರಗಿ
ಕೇಕಿನ ಅಂಚಿಗೆ ಜಾರುತ್ತದೆ.
ಒಬ್ಬ ಹುಡುಗನನ್ನು ಕೇಳಿದೆ, ಹೆಸರು ಹಾಕಲೇ?
ಫೋನಿನಲ್ಲಿ ಹುಡುಕಿದ.
'ಅಮ್ಮ ಅಂತಲೇ ಸೇವ್ ಆಗಿದೆ ಅಕ್ಕಾ.'

ಅಮೆರಿಕದಲ್ಲಿ ಯಾರೋ ಮಗಳು, ತಾಯಿ ಸತ್ತ ಮೇಲೆ
ಹಟ ಹಿಡಿದು ಹಚ್ಚಿದ ದಿನವಂತೆ ಇದು.
ಕೊನೆಗೆ ಹೂವು, ಕಾರ್ಡು ಮಾರುವವರ ಮೇಲೆ
ಅವಳೇ ಜಗಳಕ್ಕೆ ಬಿದ್ದಳಂತೆ.
'ಬೇಕರಿಯವರನ್ನೂ ಬೈದಿರಬೇಕು ಬಿಡು' ಎಂದು
ಗಲ್ಲಾದಲ್ಲಿ ನಗುತ್ತಾರೆ ವಾಮನ ಪೈ.

ಫೆಲ್ಸಿ ಬಾಯಿಗೆ ಈ ಭಾನುವಾರ ಲೆಕ್ಕಕ್ಕಿಲ್ಲ.
ಅವರ ತಾಯಿ ಹುಟ್ಟುವುದು ಸೆಪ್ಟೆಂಬರ್ ಎಂಟಕ್ಕೆ,
ಮಕ್ಕಳ ಬುಟ್ಟಿಯ ಹೂವಿಗೆ, ಹೊಸ ತೆನೆಗೆ;
ಅವತ್ತು ಮನೆಯಲ್ಲಿ ಮೀನೂ ಇಲ್ಲ, ನನ್ನ ಕೇಕೂ ಬೇಡ.

ಗೂರ್ಖಾ ಎಂದಷ್ಟೇ ಊರು ಕರೆಯುವ ಪದಮ್ ರೋಕಾ
ಹಿಂದಿನ ಅಮಾವಾಸ್ಯೆಗೇ ಬಂದಿದ್ದ,
ರಾತ್ರಿಯ ಸೀಟಿ ಇನ್ನೂ ಕೊರಳಲ್ಲಿ.
ಎರಡು ಪೇಡೆ ಕಟ್ಟಿಸಿಕೊಂಡ.
'ಇವತ್ತು ನಮ್ಮಲ್ಲಿ ತಾಯಿಯ ಮುಖ ನೋಡುವ ದಿನ.
ತಾಯಿ ಇಲ್ಲದವರು ನೀರು ನೋಡುತ್ತಾರೆ.
ಅಲ್ಲಿ ಒಂದು ಕೊಳ ಇದೆ.
ಇಲ್ಲಿ ತುಂಗೆ ಇದ್ದಾಳಲ್ಲ.'

ಕೆಲಸಕ್ಕೆ ತಡವಾದರೂ ಹಿಂದೆ ಹೋದೆ.
ಕೋರ್ಪಲಯ್ಯನ ಛತ್ರದ ಮೆಟ್ಟಿಲು,
ಬಂಡೆಗಳ ನಡುವೆ ಮೊಣಕಾಲುದ್ದ ನೀರು.
ಅವನು ಕೂತ. ಬಹಳ ಹೊತ್ತು. ಆಮೇಲೆ ಎದ್ದು
'ಸ್ವೆಟರ್ ಎಲ್ಲಿ ಅಂತ ಕೇಳಿದಳು' ಎಂದ,
ಆಗಲೇ ಸುಡುವ ಬಿಸಿಲಲ್ಲಿ
ತೋಳಿನಿಂದ ಮುಖ ಒರೆಸಿಕೊಂಡು.

ನಾನೂ ಬಗ್ಗಿ ನೋಡಿದೆ.
ಒಂದು ಶಾಂಪೂ ಚೀಟಿ, ನಾಲ್ಕು ಮೀನುಮರಿ.
ನನ್ನವಳದು ಒಂದು ಫೋಟೋ ಕೂಡ ಇಲ್ಲ,
ಯಾವ ಮುಖ ಬಂದರೆ ಅವಳೆನ್ನಲಿ?
ಗೊತ್ತಿರುವುದು ಸೋದರತ್ತೆ ಹೇಳಿದ ಒಂದೇ ರಾತ್ರಿ:

ಸೊರಬದ ಕಡೆ ನಮ್ಮೂರಲ್ಲಿ ಭೂಮಿ ಹುಣ್ಣಿಮೆ.
ಹೊಡೆ ತುಂಬಿದ ಗದ್ದೆ ಬಸುರಿ; ಅವಳಿಗೆ ಬಯಕೆಯೂಟ.
ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಗೆ
ಅಕ್ಕಿಹಿಟ್ಟಿನ ಎಳೆ ಎಳೆದು,
ಸಿಕ್ಕಿದ ಸೊಪ್ಪನ್ನೆಲ್ಲ ಬೇಯಿಸಿ, ಕಡುಬು ಕಟ್ಟಿ,
ಕೋಳಿ ಕೂಗುವವರೆಗೆ ಒಲೆ ಮುಂದೆ ಕೂತವಳು
ಕನ್ನಮ್ಮ, ನನ್ನ ಅವ್ವ.
ಅವಳಿಗೂ ಏಳು ತುಂಬಿತ್ತು. ಒಳಗೆ ನಾನಿದ್ದೆ.
ಎಡೆಯಾಗದೆ ರುಚಿ ನೋಡಬಾರದು ಎಂದರಂತೆ.
ಅವಳು ನೋಡಲಿಲ್ಲ.
ಉಂಡದ್ದು ಗದ್ದೆ, ಮತ್ತೆ ಕಾಗೆ.
ಅವಳಿಗೆ ಏನು ಬಯಕೆಯಾಗಿತ್ತೋ
ಅತ್ತೆಗೂ ನೆನಪಿಲ್ಲ.

ಈಗ ರಾತ್ರಿ ಒಂಬತ್ತೂವರೆ. ಶಟರ್ ಅರ್ಧ ಇಳಿದಿದೆ.
ಕೋನಿನ ತುದಿಯಲ್ಲಿ ಚೂರು ಗುಲಾಬಿ ಕ್ರೀಮು.
ಟ್ರೇಯ ಬೆನ್ನ ಮೇಲೆ ಬರೆದೆ, ನಲವತ್ನಾಲ್ಕನೆಯದು,
ಅಮ್ಮ ಅಲ್ಲ: ಕನ್ನಮ್ಮ.
ಹೆಬ್ಬೆಟ್ಟಿನವಳು. ಓದುತ್ತಿರಲಿಲ್ಲ.
ಅದಕ್ಕೇ ಹೆಬ್ಬೆರಳಿಂದ ಬಳಿದು
ಅವಳ ಪರವಾಗಿ ತಿಂದೆ, ಕ-ದಿಂದ ಶುರುಮಾಡಿ.

ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು.