ಸುಂಕದವಳು

ಅಲ್ಮಾ ಬೀದಿ, ಹದಿನೇಳನೆಯ ಮನೆ.
ಕರೆಗಂಟೆ ಒತ್ತಿ ನಿಂತಿದ್ದೇನೆ.
ಚೀಲದಲ್ಲಿ ಇಪ್ಪತ್ತೆಂಟು ಪುಟದ ಫಾರಂ,
ಎರಡು ಪೆನ್ನು, ಅರ್ಧ ತಿಂದ ಸ್ಯಾಂಡ್‌ವಿಚ್ಚು,
ಕೊರಳ ಬಿಲ್ಲೆಯಲ್ಲಿ ನನ್ನದೇ ಮುಖ, ಆರು ವರ್ಷ ಚಿಕ್ಕದು.

ಬಾಗಿಲು ತೆರೆದವರು ಕ್ಲಿಫರ್ಡ್ ಹೇವರ್ತ್,
ಎಂಬತ್ತಮೂರು. ಟೈ ಕಟ್ಟಿದ್ದರು.
ನನಗೆಂದೇ ಕಟ್ಟಿದ್ದು ಎಂದು ಹೊಳೆದಾಗ
ಯಾಕೋ ನಾಚಿಕೆಯಾಯಿತು.

ಕಾಲೊರಸಿನ ಮೇಲೆ ಎರಡು ಕಾಗದ.
ಒಂದು ನುಣುಪು, ಬಣ್ಣದ್ದು:
'ಈ ವರ್ಷವೂ ತೆರಿಗೆ ಏರಿಸಿಲ್ಲ.'
ಇನ್ನೊಂದು ಕಂದು ಲಕೋಟೆ. ಒಳಗಿನದು ನನಗೆ ಬಾಯಿಪಾಠ:
ಆರೈಕೆ ಗಂಟೆಗೆ ಹದಿನಾಲ್ಕಿದ್ದದ್ದು ಹತ್ತೊಂಬತ್ತು ಪೌಂಡು,
ಹಗಲುಕೇಂದ್ರದ ವ್ಯಾನಿಗೆ ಇನ್ನು ಬೇರೆ,
ಬಿದ್ದಾಗ ಒತ್ತುವ ಆ ಕೆಂಪು ಗುಂಡಿಗೆ
ವಾರಕ್ಕೆ ಆರು, ಬಿದ್ದರೂ ಬೀಳದಿದ್ದರೂ.

ಎರಡನ್ನೂ ತಂದವನು ಒಬ್ಬನೇ ಅಂಚೆಯವ.

ಉಳಿತಾಯವೆಷ್ಟು, ಪಿಂಚಣಿಯೆಷ್ಟು, ಶವಸಂಸ್ಕಾರಕ್ಕೆಂದು ಎತ್ತಿಟ್ಟದ್ದೇನಾದರೂ?
ಕೇಳಿದೆ. ಕೇಳಲೇಬೇಕು.
ಅವರು ಬಿಸ್ಕತ್ತಿನ ಡಬ್ಬ ತಂದರು. ಒಳಗೆ ರಸೀದಿಗಳು,
ವರ್ಷಕ್ಕೊಂದು ರಬ್ಬರ್ ಬ್ಯಾಂಡು.

'ಮೂವತ್ತೊಂದು ವರ್ಷ ಈ ಊರ ತೆರಿಗೆ ಕಚೇರಿಯಲ್ಲಿದ್ದೆ,
ಗಾಜಿನ ಆಚೆ. ಜನ ಮುಖಕ್ಕೇ ಬೈಯುತ್ತಿದ್ದರು.
ಬೈಯಲಿಕ್ಕೆ ಒಂದು ಮುಖವಾದರೂ ಇತ್ತು.
ಮೀನಂಗಡಿಯವ, ಡಾಕ್ಟರು, ಗಿರಣಿಯೊಡೆಯನ ಹೆಂಡತಿ,
ಎಲ್ಲ ಒಂದೇ ಸಾಲು, ಒಂದೇ ಬೈಗುಳ.
ಈಗ ಸಾಲಿನಲ್ಲಿ ನಾನೊಬ್ಬನೇ.
ಬೆರಿಲ್‌ಳ ಎಡಗೈ ಮರವಾದ ಬೆಳಗಿನಿಂದ.

ಶುಲ್ಕ ಅನ್ನುತ್ತೀರಿ.
ಬೇಡ ಅನ್ನಬಹುದಾದದ್ದಕ್ಕೆ ಶುಲ್ಕ, ಮಗಳೇ.
ಈಜುಕೊಳಕ್ಕೆ. ಪಾರ್ಕಿನ ದೋಣಿಗೆ.
ಬಿದ್ದವನೊಬ್ಬನ ಜೇಬಿಗೆ ಕೈಯಿಟ್ಟು
ನಿಂತವರಿಗೆಲ್ಲ "ನಿಮ್ಮ ಜೇಬು ಮುಟ್ಟಲಿಲ್ಲ" ಎಂದು ಕಾಗದ ಹಾಕಿದರೆ
ಅದಕ್ಕೇನೆನ್ನಬೇಕು?'

ತೆರಿಗೆ ಎಲ್ಲರದು, ಶುಲ್ಕ ಪಡೆದವರದು:
ತರಬೇತಿಯ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು.
ಅಷ್ಟರಲ್ಲಿ ಒಳಗಿನಿಂದ ಬೆರಿಲ್, 'ರೂಡೊ ಬಂದಳಾ?'

ರೂಡೊ ಹರಾರೆಯವಳು. ಸ್ನಾನ ಮಾಡಿಸಿ, ತಲೆ ಬಾಚಿ,
ಎರಡು ಬಸ್ಸು ಹಿಡಿದು ಮುಂದಿನ ಮನೆಗೆ ಓಡುತ್ತಾಳೆ.
ಬಸ್ಸಿನ ಹೊತ್ತಿಗೆ ಅವಳಿಗೆ ಸಂಬಳವಿಲ್ಲ.
'ಏರಿಸಿದ ಐದು ಪೌಂಡು ಅವಳ ಕೈ ಸೇರಿದ್ದರೆ
ನಾನು ತುಟಿ ಬಿಚ್ಚುತ್ತಿರಲಿಲ್ಲ. ಸೇರಿತಾ?'
ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಪುಟ ತಿರುಗಿಸಿದೆ.

ಸುಂಕದವಳ ಮುಂದೆ ಸುಖದುಃಖ ಹೇಳಿಕೊಳ್ಳಬಾರದು, ನಿಜ.
ಆದರೆ ಆ ವಾರ ಅವರ ಮುಂದಿನ ಕುರ್ಚಿಯಲ್ಲಿ
ಕೂತವಳು ನಾನೊಬ್ಬಳೇ.

ಹತ್ತೊಂಬತ್ತನೆಯ ಪುಟ. ಕಾಯಿಲೆಯಿಂದಾದ ಹೆಚ್ಚಿನ ಖರ್ಚು.
'ಹೆಚ್ಚಿಗೆ ಬಟ್ಟೆ ಒಗೆಯಬೇಕಾಗುತ್ತದಾ?'
ಟೈ ಸರಿಮಾಡಿಕೊಂಡು, 'ಇಲ್ಲ, ಅಂಥದ್ದೇನಿಲ್ಲ' ಎಂದರು.
ಕಿಟಕಿಯಾಚೆ ತಂತಿಯ ಮೇಲೆ ನಾಲ್ಕು ಹಾಸು ಹೊದಿಕೆ
ಒಣಗಲಾರದೆ ತೂಗುತ್ತಿದ್ದವು.
ನಾನು ನಾಲ್ಕು ಎಂದು ಬರೆದೆ.
ವಾರಕ್ಕೆ ಮೂರೂಕಾಲು ಪೌಂಡು ಕಡಿಮೆಯಾಯಿತು.
ಅಷ್ಟೇ ನನ್ನ ಬಂಡಾಯ.

ಮೇ ತಿಂಗಳ ಸಭೆಯಲ್ಲಿ ಯಾರೋ ಗೆರೆಚಿತ್ರ ತೋರಿಸಿದರು.
ಮನೆಯಾರೈಕೆಯ ಬೇಡಿಕೆ ನೂರಕ್ಕೆ ಹನ್ನೊಂದು ಇಳಿದಿದೆಯಂತೆ.
ಜನರ ಆರೋಗ್ಯ ಸುಧಾರಿಸುತ್ತಿರಬಹುದು ಎಂದರು ಒಬ್ಬರು,
ತಮಾಷೆಗಲ್ಲ.
ಆ ಇಳಿದ ಗೆರೆಯೊಳಗೆ ಎಲ್ಲೋ
ಹೇವರ್ತ್ ಬೇಡವೆಂದ ಗುರುವಾರವೂ ಇದೆ.

ಇವತ್ತು ಗುರುವಾರ.
ಅಂಗಿಯ ತೋಳು ಮಡಚಿ, ಟೈಯನ್ನು ಹೆಗಲ ಹಿಂದಕ್ಕೆ ಎಸೆದು,
ನೋಟೆಣಿಸಿದ ಕೈಯಿಂದ ನೀರಿನ ಬಿಸಿ ನೋಡುತ್ತಿರಬೇಕು ಅವರು,
ಸೋಪು ಕಚ್ಚದಂತೆ ಅವಳ ಕಣ್ಣು ಮುಚ್ಚಿ.