ಮತದಾರರ ಪಟ್ಟಿಯಲ್ಲಿ ಮೋಹಿನಿ

ಪಟ್ಟಿಯಲ್ಲಿ ನನ್ನ ಹೆಸರು ಮೋಹಿನಿ ಎಂದು ಅಚ್ಚಾಗಿದೆ.
ಮಾಹೀನ್ ಎಂದು ಬಿಡಿಸಿ ಬರೆದುಕೊಟ್ಟಿದ್ದೆ,
ಅಂಗನವಾಡಿಯ ಸಾಕಮ್ಮ ಟೀಚರ್ ಕನ್ನಡಕ ಮರೆತು ಬಂದಿದ್ದರು.
ಇರಲಿ. ಅರವತ್ತೊಂದನೇ ವಯಸ್ಸಿಗೆ
ಮೋಹಿನಿ ಎನಿಸಿಕೊಳ್ಳುವ ಯೋಗ ಎಷ್ಟು ಜನಕ್ಕುಂಟು?

ಮೂವತ್ತಾರು ವರ್ಷ ಈ ಊರಿಗೆ ಹಲ್ಲು ಕಟ್ಟಿದ್ದೇನೆ,
ಕಾಕ್ಸ್ ಟೌನಿನ ಗಲ್ಲಿ, ಎರಡನೇ ಮಹಡಿಯ ಲ್ಯಾಬು.
ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು:
ನಿವೃತ್ತ ತಹಶೀಲ್ದಾರರದು, ಮಟನ್ ಅಂಗಡಿ ಖಲೀಲರದು,
ಎರಡು ಸಲ ಪಕ್ಷ ಬದಲಿಸಿದ ಮಾಜಿ ಕಾರ್ಪೊರೇಟರರದು.
(ದವಡೆ ಮಾತ್ರ ಬದಲಾಗಲಿಲ್ಲ.)

ವರ್ಷಕ್ಕೊಮ್ಮೆ ಶಾಂತಿನಗರದ ಬಸ್ ನಿಲ್ದಾಣದ ಮೇಲೆ,
ಐದನೇ ಮಹಡಿಯಲ್ಲಿ ಟೋಕನ್ ಹಿಡಿದು ಕೂರುತ್ತಿದ್ದೆ,
ಇನ್ನೊಂದು ವರ್ಷ ಇರಲೇ ಎಂದು ಕೇಳಲು.
ಕೆಳಗೆ ಬಸ್ಸುಗಳು ಯಾರನ್ನೂ ಕೇಳದೆ ಹೊರಡುತ್ತಿದ್ದವು.

ಹೋದ ವರ್ಷ ಕಂದಾಯ ಭವನದಲ್ಲಿ ಪ್ರಮಾಣ.
"ಜೋರಾಗಿ ಓದಿ ಮೇಡಂ, ಫ್ಯಾನ್ ಸದ್ದು," ಎಂದ ಗುಮಾಸ್ತ.
ಜೋರಾಗಿಯೇ ಓದಿದೆ: ಸಂವಿಧಾನಕ್ಕೆ ನಿಷ್ಠೆ.
ಹಾಳೆ ತಿರುಗಿಸಿಯೂ ನೋಡಿದೆ,
ಹಿಂದೆ ಯಾರ ಮುಖವೂ ಇರಲಿಲ್ಲ.

ಕೆಳಮನೆಯ ಸೀತಾಪತಿಯವರು ಒಳ್ಳೆಯವರು,
ಟ್ಯಾಂಕರ್ ಬಂದ ದಿನ ನನ್ನ ಡ್ರಮ್ಮನ್ನೂ ತುಂಬಿಸಿಡುತ್ತಾರೆ.
ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದರು:
"ಮೊದಲ ವೋಟು. ಉಂಡ ಮನೆಗೆ ನಿಯತ್ತಿರಲಿ, ಅಮ್ಮ."
ನಾನೆಂದೆ: ಉಂಡಿದ್ದಕ್ಕೆ ತೆರಿಗೆ ಕಟ್ಟಿದ್ದೇನೆ, ರಸೀದಿಯಿದೆ.
ನಿಯತ್ತು ನಾಯಿಗಿರಲಿ, ನನಗೆ ಲೆಕ್ಕ ಬೇಕು.
ಅವರು ನಕ್ಕರು. ಪೂರ್ತಿ ನಗಲಿಲ್ಲ.
ಮೇಲಿನ ಸಾಲಿನ ಬ್ರಿಡ್ಜು ನನ್ನದೇ ಕೆಲಸ,
ಪೂರ್ತಿ ನಕ್ಕರೆ ಕಾಣುತ್ತದೆ.

ನಾನು ಹುಟ್ಟಿದ ಶಿರಾಜಿನಲ್ಲೂ ಚುನಾವಣೆಯಿತ್ತು.
ಮೊದಲೇ ಜರಡಿ ಹಿಡಿದ ಹೆಸರುಗಳು,
ಗುರುತಿನ ಪುಸ್ತಕಕ್ಕೊಂದು ಮುದ್ರೆ,
ಮುದ್ರೆಯಿಲ್ಲದವರಿಗೆ ನೌಕರಿಯಿಲ್ಲವೆಂಬ ಪಿಸುಮಾತು.
ಅಪ್ಪ ಖಾಲಿ ಚೀಟಿ ಹಾಕಿ ಬರುತ್ತಿದ್ದ,
ಬಂದು ಕೈ ತೊಳೆಯುತ್ತಿದ್ದ, ಎರಡು ಸಲ.

ಅಲ್ಲಿ ಒಂದು ಕೈ ನನ್ನ ತಲೆಗೆ ಬಟ್ಟೆ ಹೊದಿಸಿತು.
ಇಲ್ಲಿ, ಕಾಲೇಜಿನ ಗೇಟಿನಲ್ಲಿ, ಒಂದು ಕೈ
ಖಲೀಲರ ಮೊಮ್ಮಗಳ ತಲೆಯಿಂದ ಬಟ್ಟೆ ತೆಗೆಸಿತು.
ಎರಡೂ ಒಂದೇ ಕೈ
(ಚಿಹ್ನೆಯ ಕೈ ಅಲ್ಲ, ತಪ್ಪು ತಿಳಿಯಬೇಡಿ).
ಬಟ್ಟೆಯ ಮೇಲೆ ನನಗೇನೂ ಪ್ರೀತಿಯಿಲ್ಲ.
ಪ್ರೀತಿ ಆ ಹುಡುಗಿಯ ಕೈ ಮೇಲೆ:
ಹೊದೆಯಲಿ, ಬಿಸುಡಲಿ, ಅದರ ಇಷ್ಟ.

ಶುಕ್ರವಾರ. ಬೋರು ಬತ್ತಿದ ಏಪ್ರಿಲ್.
ಎದುರು ಅಪಾರ್ಟ್‌ಮೆಂಟಿನವರು ಗುರುವಾರವೇ ಕಾರು ಹತ್ತಿದ್ದರು,
ಮೂರು ದಿನ ರಜೆ.
ಸರ್ಕಾರಿ ಶಾಲೆಯ ಗೋಡೆಯ ಮೇಲೆ ವರ್ಣಮಾಲೆ,
ನಾಲಗೆಗೆ ಇನ್ನೂ ಒಗ್ಗದ ಆ ಳಕಾರ.
"ಮೋಹಿನಿ! ಹೆಣ್ಣು! ಅರವತ್ತೊಂದು!"
ಮೂರು ಪಕ್ಷದ ಏಜೆಂಟರೂ ಒಟ್ಟಿಗೆ ತಲೆಯೆತ್ತಿದರು,
ಒಟ್ಟಿಗೆ ತಗ್ಗಿಸಿದರು.
ಅಷ್ಟು ಒಗ್ಗಟ್ಟು ದೆಹಲಿಯಲ್ಲೂ ಕಂಡಿಲ್ಲ.

ರಟ್ಟಿನ ಮರೆ. ಎರಡು ಪೆಟ್ಟಿಗೆ, ಇಪ್ಪತ್ತಮೂರು ಗುಂಡಿ.
ಹಲ್ಲಿನ ಸೆಟ್ಟು ಕೊಡುವಾಗ ನಾನು ಹೇಳುವುದು ಇಷ್ಟೇ:
ಚುಚ್ಚಿದರೆ ವಾಪಸು ತನ್ನಿ, ಉಜ್ಜಿ ಕೊಡುತ್ತೇನೆ.
ಬಾಯಿಗೆ ತಕ್ಕ ಹಲ್ಲು,
ಹಲ್ಲಿಗೆ ತಕ್ಕಂತೆ ಬಾಯಿ ಕೊಯ್ಯುವುದಲ್ಲ.
ಯಾವ ಗುಂಡಿ ಎಂದು ಹೇಳುವುದಿಲ್ಲ.
ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತಿತು,
ಬಿತ್ತು.
ಹೊರಗೆ ಬಂದು ನಾನು ಕೈ ತೊಳೆಯಲಿಲ್ಲ.

ಗೆದ್ದವರು ನನ್ನವರಲ್ಲ. ಸೀತಾಪತಿಯವರು ಮೈಸೂರುಪಾಕು ತಂದರು,
ಅರ್ಧ ಮುರಿದು ತಿಂದೆ, ಚೆನ್ನಾಗಿತ್ತು.
ಉಗುರಿನ ಮಸಿ ನಿಧಾನ ಮೇಲೆ ಸರಿಯುತ್ತಿದೆ,
ಅದರ ಮೇಲೆ ಪ್ಲಾಸ್ಟರಿನ ಪುಡಿ.

ಸಾಕಮ್ಮ ಟೀಚರ್ ಹೆಸರು ತಿದ್ದುವ ಅರ್ಜಿ ಕೊಟ್ಟುಹೋಗಿದ್ದಾರೆ,
ಈ ಸಲ ಕನ್ನಡಕ ಹಾಕಿಕೊಂಡೇ ಬಂದಿದ್ದರು.
ತಹಶೀಲ್ದಾರರ ಕೆಳದವಡೆಯ ಅಡಿಯಲ್ಲಿ ಇಟ್ಟಿದ್ದೇನೆ.
ತುಂಬುತ್ತೇನೆ.
ನಾಳೆ, ಇಲ್ಲವೆ ನಾಡಿದ್ದು.