ಕೊನೆಯ ದೋಣಿ

ಕ್ಲಬ್ಬಿನಲ್ಲಿ ನನಗೆ ಕೊಟ್ಟ ಕೆಲಸ ಕೊನೆಯಲ್ಲಿರುವುದು.
ಸಂಬಳವಿಲ್ಲ. ಒಂದು ಸೀಟಿ, ಸೊಂಟಕ್ಕೆ ಎಳೆಹಗ್ಗ,
ಮತ್ತೆ ಬಾಯಲ್ಲಿಟ್ಟುಕೊಳ್ಳಲು ಒಂದು ಅಂಕಿ:
ಇವತ್ತು ಹದಿಮೂರು.

ಉಮ್ಮುಲ್ ಕ್ವೈನಿನ ಹಿನ್ನೀರು, ಬೆಳಗಿನ ಆರು.
ಕಾಂಡ್ಲಾ ಬೇರುಗಳು ಕೆಸರಿನಿಂದ ಮೂಗು ತೂರಿಸಿ ಉಸಿರಾಡುತ್ತಿವೆ.
ಹೊಸ ಹುಡುಗ ಸಫ್ವಾನ್ ನಗುತ್ತಾನೆ,
"ಜಾಕೆಟ್ ಯಾಕಕ್ಕಾ? ನಾನು ಗಂಗೊಳ್ಳಿಯವನು,
ನಡೆಯುವ ಮೊದಲೇ ಈಜು ಕಲಿತವನು."
ಮಾತಾಡದೆ ಅವನ ಬಕಲ್ಲು ಬಿಗಿಯುತ್ತೇನೆ,
ಅಕ್ಕಿ ಮೂಟೆಯ ಬಾಯಿ ಕಟ್ಟಿದ ಹಾಗೆ.

ಗಾಳಿ ಯಾವ ಕಡೆಯಿಂದ?
ಮರಳುಗಾಡಿನಿಂದ, ಬೆನ್ನಿಗೆ.
ಪ್ರತಿ ಶನಿವಾರ ಹೇಳುತ್ತೇನೆ, ಪ್ರತಿ ಶನಿವಾರ
ಯಾರಾದರೊಬ್ಬರು ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾ ಕೇಳಿಸಿಕೊಳ್ಳುವುದಿಲ್ಲ:
ಎದುರು ಗಾಳಿ ಜಗಳಗಂಟಿ,
ಬೈದು ಬೈದು ಕೊನೆಗೆ ಮನೆಗೇ ಅಟ್ಟುತ್ತಾಳೆ.
ಬೆನ್ನ ಗಾಳಿ ಸಾಲ ಕೊಡುವವನ ನಗು.
ದಡದಲ್ಲಿ ಒಂದು ಅಲೆ ಎಬ್ಬಿಸುವುದಿಲ್ಲ,
ಹೋಗು ಹೋಗು ಎನ್ನುತ್ತದೆ.
ತಿರುಗಿ ನೋಡಿದಾಗಲೇ ಬಡ್ಡಿ.

ಅಳಿವೆಯ ಬಾಯಿ. ಇಳಿತದ ಹೊತ್ತು.
ಹಿನ್ನೀರೆಲ್ಲ ಒಂದೇ ಬಾಗಿಲಿಗೆ ನುಗ್ಗುತ್ತಿದೆ.
ಎಣಿಸಿದೆ. ಹನ್ನೆರಡು.
ಮತ್ತೆ ಎಣಿಸಿದೆ.
ಹನ್ನೆರಡು.

ಕೆಂಪು ದೋಣಿ ಹೊಟ್ಟೆ ಮೇಲಾಗಿ ಒಬ್ಬಂಟಿ ಹೋಗುತ್ತಿದೆ.
ಅವನು ಅದನ್ನು ಬಿಟ್ಟು ಈಜುತ್ತಿದ್ದಾನೆ, ದಡದ ಕಡೆಗೆ,
ಚಂದವಾಗಿ ಈಜುತ್ತಿದ್ದಾನೆ,
ಒಂದಿಷ್ಟೂ ಮುಂದೆ ಬರುತ್ತಿಲ್ಲ.

ಸೀಟಿ. ಉಳಿದವರೆಲ್ಲ ದೋಣಿಗೆ ದೋಣಿ ಹಿಡಿದು ನಿಂತರು.
ಮಾರಿಸೆಲ್ ಕೆಂಪು ದೋಣಿಯ ಹಿಂದೆ, ನಾನು ಅವನ ಹಿಂದೆ.
ಮಗುಚಿ, ನೀರು ಚೆಲ್ಲಿ, ಎರಡು ದೋಣಿಗಳನ್ನು ಅಂಟಿಸಿ ಹಿಡಿದು,
"ಕಾಲು ಒದೆ, ಹೊಟ್ಟೆ ಮೇಲೆ ಬಾ, ಆಮೇಲೆ ತಿರುಗು."
ಹತ್ತಿದ. ಕೆಮ್ಮಿದ. ಆಮೇಲೆ ಅವನಾಡಿದ ಮೊದಲ ಮಾತು:
"ಇಲ್ಲಿ ಉಪ್ಪು ನಮ್ಮೂರಿಗಿಂತ ಜಾಸ್ತಿ."
ನಾನು ಹೇಳಿದ್ದು ಇಷ್ಟೇ, ಈಜುಗಾರನ ತಲೆ ಕಾಣುವುದಿಲ್ಲ,
ದೋಣಿ ಕಾಣುತ್ತದೆ. ದೋಣಿ ಬಿಡಬೇಡ.

ಸಂಜೆ ಮರಳುದಿಬ್ಬ. ಡೇರೆಗಳು.
ಖಲ್ಫಾನ್ ಮುದುಕನ ಮೀನುಬೋನುಗಳು ಒಣಗಲಿಟ್ಟಲ್ಲಿ ಹಗ್ಗ ಕಟ್ಟಿದ್ದೇವೆ,
ಆಚೆ ಹೋಗಬೇಡಿ.
ಸಣ್ಣ ಸಲಿಕೆ ಕೇಳಲು ನಾಚಬೇಡಿ.
ಹತ್ತರ ಮೇಲೆ ಸ್ಪೀಕರ್ ಬೇಡ, ಟೀ ಚೀಲ ಬಿಸಾಡಬೇಡಿ,
ಕೆಂಡದ ಮೇಲೆ ಮರಳು ಮುಚ್ಚಬೇಡಿ.

"ಮರಳು ಹಾಕಿದರೆ ಆರುತ್ತದಲ್ಲಾ?" ಅಂದರು ಯಾರೋ.

ಆರುವುದಿಲ್ಲ. ಅಡಗುತ್ತದೆ.
ಹೋದ ಚಳಿಗಾಲ ಇದೇ ದಿಬ್ಬದಲ್ಲಿ
ಮೀನು ಸುಟ್ಟು, ಕೈ ತೊಳೆದು, ನೀಟಾಗಿ ಮುಚ್ಚಿ ಹೋದವಳು ನಾನು.
ಬೆಳಿಗ್ಗೆ ಖಲ್ಫಾನನ ಮೊಮ್ಮಗಳು ಮೈಥಾ,
ಬರಿಗಾಲು, ಐದು ವರ್ಷ.
ಆಸ್ಪತ್ರೆಯ ಕಾರಿಡಾರಿನಲ್ಲಿ ಮುದುಕ ನನಗೆ ಖರ್ಜೂರ ಕೊಟ್ಟ.
ಯಾರು ಮಾಡಿದ್ದು ಅಂತ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.
ಬೀಜ ಬಹಳ ಹೊತ್ತು ಬಾಯಲ್ಲೇ ಇತ್ತು.

ಇದನ್ನು ಇವರಿಗೆ ಹೇಳಲಿಲ್ಲ.
ಹೇಳಿದ್ದು: ನೀರು ಹೊಯ್ಯಿ, ಕಲಕು, ಮತ್ತೆ ಹೊಯ್ಯಿ,
ಅಂಗೈ ಬೆನ್ನು ಇಟ್ಟು ನೋಡು.

ರಾತ್ರಿ ಜಿಪ್ಪುಗಳ ಸದ್ದು ಒಂದೊಂದೇ ನಿಂತಿತು.
ಸಫ್ವಾನ್ ಇನ್ನೂ ಬೂದಿಯ ಪಕ್ಕ ಕುಕ್ಕರಗಾಲಲ್ಲಿ,
ಬಕೆಟ್ಟು ಮೂರನೆಯದೋ ನಾಲ್ಕನೆಯದೋ.
ಕೈ ಇಟ್ಟು ನೋಡಿದ, ಎದ್ದ,
ಹೆಡ್‌ಲ್ಯಾಂಪ್ ಹಾಕಿ ದೋಣಿಗಳ ಸಾಲಿನುದ್ದ ನಡೆದ,
ತುಟಿ ಅಲ್ಲಾಡುತ್ತಿತ್ತು.
ಬಂದು ನನ್ನ ಡೇರೆಯ ಹೊರಗೆ ಪಿಸುಗುಟ್ಟಿದ:
"ಅಕ್ಕಾ, ಒಂದು ಜಾಸ್ತಿ ಬರ್ತಿದೆ. ಹದಿನಾಲ್ಕು."

ನನ್ನದನ್ನೂ ಸೇರಿಸಿಬಿಟ್ಟಿದ್ದಾನೆ.

ಇರಲಿ ಬಿಡು, ಅಂದೆ.
ಎರಡೂವರೆಗೆ ಉಬ್ಬರ. ಆ ತುದಿ ಹಿಡಿ,
ಇನ್ನೂ ನಾಲ್ಕು ಮಾರು ಮೇಲಕ್ಕೆ ಎಳೆಯೋಣ.